ಐದನೆಯ ಲೆರೊತ್ಸೆ

ಲಕ್ವ ಹೊಡೆದು ಎಂಟು ತಿಂಗಳಾದರೂ ಮೊಸಿದಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು. ಪುಲಾ. ಮಳೆ ಎಂದು ಅದರ ಅರ್ಥ. ನೀರು ಬೇಕಾದರೂ ಪುಲಾ, ಬೆನ್ನು ನೋಯುತ್ತಿದ್ದರೂ ಪುಲಾ, ಕೋಳಿ ಒಳಗೆ ನುಗ್ಗಿದರೂ ಪುಲಾ. ನಮ್ಮಲ್ಲಿ ಒಬ್ಬರು ಪುಲಾ ಎಂದರೆ ಕೇಳಿದವರು ತಿರುಗಿ ಪುಲಾ ಎನ್ನಲೇಬೇಕು. ಅದು ಹಾರೈಕೆಯೂ ಹೌದು, ಜಯಕಾರವೂ ಹೌದು. ಹಾಗಾಗಿ ಮುದುಕಿ ಏನು ಬೇಡಿದರೂ ಅವಳಿಗೆ ಸಿಗುತ್ತಿದ್ದದ್ದು ಆಶೀರ್ವಾದವೇ.

ಅವಳ ಬುದ್ಧಿಗೇನೂ ಆಗಿರಲಿಲ್ಲ. ಮೊಲೆಪೊಲೊಲೆ ಊರಿನ ತನ್ನ ಕೇರಿಯಲ್ಲಿ ಯಾರ ಮಗಳು ಯಾವ ವರ್ಷ ಹುಟ್ಟಿದಳು, ಯಾರ ಹೊಲದಲ್ಲಿ ಯಾವ ತಳಿಯ ಜೋಳ ಬರುತ್ತದೆ, ಎಲ್ಲವೂ ನೆನಪಿತ್ತು. ಬಲಗೈ, ಬಲಗಾಲು ಸತ್ತಿದ್ದವು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ನಗಲು ಹೋದರೆ ಹಲ್ಲು ಕಿರಿದು ಅಣಕಿಸಿದಂತೆ ಕಾಣುತ್ತಿತ್ತು. ಅದು ಗೊತ್ತಾದ ದಿನದಿಂದ ಅವಳು ನಗುವುದನ್ನೂ ಬಿಟ್ಟಿದ್ದಳು.

ಈಸ್ಟರ್ ಭಾನುವಾರ ಬೆಳಿಗ್ಗೆ ತಂಗಿ ಸೆತುನ್ಯಾ ಹೆಂಗಸರನ್ನೆಲ್ಲ ಕರೆದುಕೊಂಡು ಚರ್ಚಿಗೆ ಹೊರಟಳು. ಗಂಡಸರು ಮನೆಯ ಹಿಂದೆ ಎತ್ತಿನ ಮಾಂಸ ಬೇಯಿಸಿ ಕುಟ್ಟುವ ಗಡಿಬಿಡಿಯಲ್ಲಿದ್ದರು. ಮುಂದಿನ ಅಂಗಳದಲ್ಲಿ ಉಳಿದವರು ಇಬ್ಬರೇ: ಕುರ್ಚಿಯಲ್ಲಿ ಮೊಸಿದಿ, ಒಲೆಯ ಮುಂದೆ ಸೊಸೆ ನಮೆತ್ಸೊ.

ನಮೆತ್ಸೊ ಫ್ರಾನ್ಸಿಸ್‌ಟೌನಿನಲ್ಲಿ ಬೆಳೆದವಳು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಗಂಡನ ಜೊತೆ ಪಟ್ಟಣದಲ್ಲೇ ಇದ್ದು ಹಬ್ಬಕ್ಕೆಂದು ಬಂದಿದ್ದಳು. ಈ ಸಲದ ಹಬ್ಬದಡುಗೆ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. "ಎಲ್ಲಾ ಕಲ್ಲಂಗಡೀದೇ ಮಾಡ್ತೀನಿ ಮ್ಮಾ, ನೋಡ್ತಾ ಇರಿ," ಎಂದು ಹಿಂದಿನ ದಿನವೇ ಅತ್ತೆಗೆ ಹೇಳಿದ್ದಳು. ಕೆಂಪು ಹಣ್ಣನ್ನು ಹೆಚ್ಚಿ ಈರುಳ್ಳಿ, ಪುದೀನ ಹಾಕಿ ಒಂದು ತಣ್ಣನೆಯ ತಟ್ಟೆ. ಸಿಪ್ಪೆಯ ಬಿಳಿ ಭಾಗಕ್ಕೆ ಸಕ್ಕರೆ, ಶುಂಠಿ ಹಾಕಿ ಕುದಿಸಿದ್ದು ಒಂದು. ಬೀಜ ಹುರಿದು ಕುಟ್ಟಿ ಸೊಪ್ಪಿಗೆ ಬೆರೆಸಿದ್ದು ಇನ್ನೊಂದು. ಎಲ್ಲದಕ್ಕಿಂತ ಮುಖ್ಯವಾದದ್ದು ಲೆರೊತ್ಸೆಯ ಗಂಜಿ. ಲೆರೊತ್ಸೆ ಕಲ್ಲಂಗಡಿಯ ದಾಯಾದಿ. ಹಸಿಯಾಗಿ ತಿಂದರೆ ಸಪ್ಪೆ, ಒಲೆಗೇರಿದರೆ ಅಮೃತ. ತಿರುಳನ್ನು ಬೇಯಿಸಿ ಮಸೆದು, ಹುಳಿ ಬಂದ ಜೋಳದ ಹಿಟ್ಟು ಹಾಕಿ ತಿರುವಿ, ಕೊನೆಗೆ ಗಟ್ಟಿ ಮೊಸರು ಬೆರೆಸಬೇಕು. ಅದಿಲ್ಲದ ಈಸ್ಟರ್ ಊಟವನ್ನು ಮೊಸಿದಿಯ ಅಣ್ಣ ಮೊಲೆಫಿ ಊಟವೆಂದೇ ಒಪ್ಪುತ್ತಿರಲಿಲ್ಲ. ಅವನು ಮನೆಮಂದಿಗೆಲ್ಲ ಮಾಲೋಮೆ, ಸೋದರಮಾವ. ಮೊದಲ ತುತ್ತು ಅವನದು.

ಗೋಡೆಯ ಬುಡದಲ್ಲಿ ಲೆರೊತ್ಸೆಗಳು ಸಾಲಾಗಿದ್ದವು. ನಮೆತ್ಸೊ ಒಂದನ್ನು ಎತ್ತಿ ಕತ್ತಿ ಇಟ್ಟು ಸೀಳಿದಳು. ಬೀಜ ಕೆರೆದಳು, ಹೋಳು ಮಾಡಿದಳು, ಪಾತ್ರೆಗೆ ಸುರಿದಳು. ಮೊಸಿದಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

ಹುಡುಗಿ ರುಚಿ ನೋಡಲಿಲ್ಲ.

ಕಾಡಿನಲ್ಲಿ ತಾನಾಗಿ ಹಬ್ಬುವ ಕಲ್ಲಂಗಡಿ ವಿಷದಂಥ ಕಹಿ. ಅದರ ಹೂವಿನ ಮೇಲೆ ಕೂತ ಜೇನು ಹೊಲದ ಹೂವಿನ ಮೇಲೂ ಕೂರುತ್ತದೆ. ಮುಂದಿನ ವರ್ಷ ಆ ಬೀಜದ ಬಳ್ಳಿಯಲ್ಲಿ ಒಂದೋ ಎರಡೋ ಕಾಯಿ ಕಹಿಯಾಗಿರುತ್ತವೆ. ಹೊರಗಿನಿಂದ ಯಾವ ಗುರುತೂ ಇರುವುದಿಲ್ಲ. ಅದಕ್ಕೇ ಕಾಯಿ ಸೀಳಿದೊಡನೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುವುದು, ಕಹಿ ಇದ್ದರೆ ಉಗಿದು ದೂರ ಎಸೆಯುವುದು. ಹೊಲದಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೋಡಿ ನೋಡಿಯೇ ಬಂದಿರುತ್ತದೆ. ಸೆತುನ್ಯಾ ಸಹ ಹೇಳಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

"ಪುಲಾ," ಎಂದಳು ಮೊಸಿದಿ.

"ಪುಲಾ, ಮ್ಮಾ!" ನಮೆತ್ಸೊ ನಗುತ್ತ ಎರಡನೆಯದನ್ನು ಸೀಳಿದಳು.

ಮೂರು, ನಾಲ್ಕು. ಎಲ್ಲವೂ ಪಾತ್ರೆ ಸೇರಿದವು. ಮೊಸಿದಿ ಕಣ್ಣು ಮುಚ್ಚಿಕೊಂಡಳು. ಬೆಂದು ಮೆತ್ತಗಾದ ಮೇಲೆ ಹಿಟ್ಟು ಬಿತ್ತು. ಸೊಸೆ ಸೊಂಟ ಬಗ್ಗಿಸಿ ತಿರುವಿದಳು. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತು. ಆಮೇಲೆ ಅವಳು ಮರದ ಚಮಚದಲ್ಲಿ ಒಂದಿಷ್ಟು ತೆಗೆದು ತಾನು ಚಪ್ಪರಿಸಿ, ಉಫ್ ಉಫ್ ಎಂದು ಊದಿ ಆರಿಸಿ ಅತ್ತೆಯ ಬಾಯಿಗೂ ಇಟ್ಟಳು.

ಸಿಹಿಯಾಗಿತ್ತು. ಹುಳಿ, ಸಿಹಿ, ಹೊಗೆ ಎಲ್ಲ ಹದವಾಗಿ ಕೂಡಿದ್ದವು. ನಾಲ್ಕೂ ಒಳ್ಳೆಯ ಕಾಯಿಗಳೇ. ಮೊಸಿದಿಯ ಎದೆಯ ಭಾರ ಇಳಿಯಿತು. ಎಡಗೈ ಎತ್ತಿ ಸೊಸೆಯ ಕೆನ್ನೆ ಮುಟ್ಟಿದಳು.

"ಚೆನ್ನಾಗಿದೆ ಅಂತೀರಾ? ನಿಜವಾಗ್ಲೂ?" ನಮೆತ್ಸೊಳ ಕಣ್ಣು ತುಂಬಿದವು. "ನಿನ್ನೆ ರಾತ್ರಿ ನಿದ್ದೇನೇ ಬರ್ಲಿಲ್ಲ ಮ್ಮಾ. ಮಾಲೋಮೆ ನನ್ನ 'ಟೌನ್ ಕೋಳಿ' ಅಂತಾರೆ. ಕೂಗೋಕೆ ಬರುತ್ತೆ, ಕೆದಕೋಕೆ ಬರಲ್ಲ ಅಂತ."

ಆಗ ಅವಳ ಫೋನು ರಿಂಗಾಯಿತು. ಮಾಲೋಮೆಯೇ. ಲೆಟ್ಲಾಕೆಂಗಿನ ನೆಂಟರು ದಾರಿಯಲ್ಲಿ ಸಿಕ್ಕಿದ್ದಾರೆ, ಇನ್ನೂ ಏಳು ಜನ ಬರುತ್ತಿದ್ದಾರೆ, ಗಂಜಿ ಸಾಲದಿದ್ದರೆ ನೋಡು ಎಂದ.

"ಅಯ್ಯೋ ದೇವ್ರೇ, ಏಳು ಜನ!" ನಮೆತ್ಸೊ ಫೋನು ಜೇಬಿಗೆ ತುರುಕಿ ಗೋಡೆಯ ಬುಡಕ್ಕೆ ಓಡಿದಳು. ಐದನೆಯ ಲೆರೊತ್ಸೆಯನ್ನು ಎತ್ತಿದಳು. ಸೀಳಿದಳು. ಬೇಗ ಬೇಯಲಿ ಎಂದು ಬೆರಳ ಗಾತ್ರಕ್ಕೆ ಹೆಚ್ಚಿ ಬೇರೆ ಪಾತ್ರೆಯಲ್ಲಿ ಕುದಿಯಲು ಇಟ್ಟಳು.

ಮೊಸಿದಿ ಕೂಗಿದಳು. "ಪುಲಾ! ಪುಲಾ!"

"ಪುಲಾಆ!" ಬೇಲಿಯಾಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಟೋಪಿ ಎತ್ತಿ ಹಾಡಿದಂತೆ ಉತ್ತರ ಕೊಟ್ಟ. "ಹಬ್ಬ ಚೆನ್ನಾಗಾಗ್ಲಿ ತಾಯೀ!"

ಅವಳು ನಾಲಿಗೆ ಚಾಚಿ ಎಡಗೈಯಿಂದ ಅದನ್ನು ಮುಟ್ಟಿ ತೋರಿಸಿದಳು. ನಾಲಿಗೆ, ಪಾತ್ರೆ. ನಾಲಿಗೆ, ಪಾತ್ರೆ.

"ಇನ್ನೂ ಬೇಕಾ?" ನಮೆತ್ಸೊಗೆ ನಗು ಬಂತು. "ಮಾಲೋಮೆ ಬರ್ಲಿ ತಡೀರಿ. ಮೊದಲನೇ ತುತ್ತು ನಾವೇ ತಿಂದ್ವಿ ಅಂತ ಗೊತ್ತಾದ್ರೆ ಇಬ್ಬರಿಗೂ ಬೈಗುಳ."

ಮೊಸಿದಿ ಉಗುಳಿ ತೋರಿಸಲು ನೋಡಿದಳು. ತುಟಿ ಕೂಡಲಿಲ್ಲ. ಎಂಜಲು ಗದ್ದದ ಮೇಲೆ ಹರಿದು ರವಿಕೆಗೆ ಇಳಿಯಿತು. ನಮೆತ್ಸೊ ಕೈಕೆಲಸ ಬಿಟ್ಟು ಬಂದು ಒದ್ದೆ ಬಟ್ಟೆಯಿಂದ ಗದ್ದವನ್ನು, ಕುತ್ತಿಗೆಯನ್ನು ಮೆಲ್ಲಗೆ ಒರೆಸಿದಳು. ಬೇರೆ ಯಾರೂ ಅಷ್ಟು ಮೆತ್ತಗೆ ಒರೆಸುತ್ತಿರಲಿಲ್ಲ. ಮೊಸಿದಿ ಆ ಕೈಯನ್ನು ಕಚ್ಚಬೇಕೆಂದುಕೊಂಡಳು, ಮನಸ್ಸು ಬರಲಿಲ್ಲ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಲೋಟವನ್ನು ತಳ್ಳಿ ಬೀಳಿಸಿದಳು.

ಸದ್ದಿಗೆ ಮಗ ಮೊದಿರಿ ಹಿತ್ತಲಿನಿಂದ ಬಂದ, ಕೈಯೆಲ್ಲ ಮಾಂಸದ ಜಿಡ್ಡು. "ಏನಾಯ್ತು?"

"ಗೊತ್ತಾಗ್ತಿಲ್ಲ ರೀ. ಆಗಲಿಂದ ಒಂದೇ ಸಮ ಕೂಗ್ತಿದಾರೆ."

ಮಗನ ಕಣ್ಣನ್ನೇ ನೋಡುತ್ತ ಮೊಸಿದಿ ಒಲೆಯತ್ತ ಕೈ ಮಾಡಿದಳು. ಇವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಹೊಲದಲ್ಲೇ ಆಡಿದವನು, ಕಹಿ ಕಾಯಿ ಕಚ್ಚಿ ಎಷ್ಟು ಸಲ ಅತ್ತಿದ್ದಾನೆ. ಇವನಿಗಾದರೂ ತಿಳಿಯಬೇಡವೇ?

"ಬೆಂಕಿ ಝಳ ಹೊಡೀತಿದೆ ಅವಳಿಗೆ," ಎಂದ ಮೊದಿರಿ. "ಬಿಸಿಲೂ ಬಂತು. ಮ್ಮಾ, ಬಾ, ಆ ಕಡೆ ಕೂರಿಸ್ತೀನಿ." ಕುರ್ಚಿಸಮೇತ ಎತ್ತಿ ಮರದ ನೆರಳಿಗೆ ಒಯ್ದು ಕೂರಿಸಿದ. ಒಲೆ ಈಗ ಅವಳ ಬೆನ್ನಿಗಿತ್ತು. ಮುಂದೆ ಬೇಲಿ, ಬೇಲಿಯಾಚೆ ರಸ್ತೆ.

ಅವಳಿಗೆ ಈಗ ಕೇಳಿಸುತ್ತಿದ್ದದ್ದಷ್ಟೇ. ಬೆಂದದ್ದನ್ನು ಮಸೆಯುವ ಸದ್ದು. ಅದನ್ನು ದೊಡ್ಡ ಪಾತ್ರೆಗೆ ಸುರಿದ ಸದ್ದು. ಹಿಟ್ಟು, ತಿರುವು, ಮೊಸರು. ಇಷ್ಟರಲ್ಲಿ ಕಾರುಗಳು ಬಂದು ನಿಂತವು. ಚರ್ಚಿನಿಂದ ಹೆಂಗಸರು ಹಾಡುತ್ತ ಬಂದರು. ನಮೆತ್ಸೊ ಮತ್ತೆ ರುಚಿ ನೋಡಲಿಲ್ಲ. ನೋಡಿ ಆಗಿತ್ತಲ್ಲ.

ಒಳ್ಳೆಯದೇ ಇರಬಹುದು, ಎಂದುಕೊಂಡಳು ಮೊಸಿದಿ. ನಾಲ್ಕು ಒಳ್ಳೆಯವಿದ್ದವು; ಐದನೆಯದೂ ಯಾಕೆ ಒಳ್ಳೆಯದಿರಬಾರದು? ದೇವರೇ, ಅದೊಂದು ಒಳ್ಳೆಯದಿರಲಿ.

ಊಟಕ್ಕೆಂದು ಅವಳನ್ನು ಮತ್ತೆ ಎಲ್ಲರ ನಡುವೆ ಕೂರಿಸಿದರು. ಮೂವತ್ತು ಜನಕ್ಕೆ ಕಮ್ಮಿ ಇರಲಿಲ್ಲ. ಕೆಂಪು ಹೋಳಿನ ತಟ್ಟೆ ನೋಡಿ ಮೊಲೆಫಿ ಹುಬ್ಬೇರಿಸಿದ. "ಕಲ್ಲಂಗಡಿಗೆ ಈರುಳ್ಳಿ! ಇದು ಊಟವಾ, ಮದ್ದಾ?" ಎಲ್ಲರೂ ನಕ್ಕರು, ಅವನೇ ಎರಡು ಸಲ ಹಾಕಿಸಿಕೊಂಡ. ನಮೆತ್ಸೊ ಮಂಡಿಯೂರಿ ಎರಡೂ ಕೈಯಲ್ಲಿ ಗಂಜಿಯ ಬಟ್ಟಲು ನೀಡಿದಳು. ಅವಳ ಮುಖ ಹೊಳೆಯುತ್ತಿತ್ತು. ಮೊಲೆಫಿ ಪ್ರಾರ್ಥನೆ ಮುಗಿಸಿ, ಚಮಚ ತುಂಬ ತೆಗೆದು ಬಾಯಿಗಿಟ್ಟ; ಅವನ ಹಿಂದೆಯೇ ಮಕ್ಕಳೂ ಬಾಯಿಗಿಟ್ಟರು.

ಅವನ ದವಡೆ ಅರ್ಧಕ್ಕೇ ನಿಂತಿತು. ಮೊಸಿದಿ ತಲೆ ತಗ್ಗಿಸಿದಳು.

ಅವನು ಪಕ್ಕಕ್ಕೆ ಬಾಗಿ ಮಣ್ಣಿಗೆ ಉಗಿದ. "ಯಾರೂ ತಿನ್ಬೇಡಿ! ಮಕ್ಕಳ ಬಾಯಿಂದ ತೆಗೀರಿ! ಕಹಿ ಬಂದಿದೆ, ಹೊಟ್ಟೆ ಕಿತ್ಕೊಂಡು ಬರುತ್ತೆ!"

ಬಟ್ಟಲುಗಳು ನೆಲಕ್ಕೆ ಬಂದವು. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿದರು. ಒಂದು ಮಗು ಅತ್ತಿತು. ಎಲ್ಲರೂ ನೀರಿಗೆ ಕೈಚಾಚಿದರು, ಆ ಕಹಿ ನೀರಿಗೆಲ್ಲ ಹೋಗುವುದಲ್ಲ. ಸೆತುನ್ಯಾ ಪಾತ್ರೆಯ ಬಳಿ ಹೋಗಿ ಬೆರಳ ತುದಿಯಲ್ಲಿ ನೆಕ್ಕಿ ಮುಖ ಕಿವಿಚಿದಳು.

"ಚೂರು ಬಾಯಿಗಿಟ್ಟು ನೋಡ್ಲಿಲ್ವೇನೇ, ಸೀಳಿದಾಗ?"

"ನೋಡ್ಬೇಕಿತ್ತಾ?" ಎಂದಳು ನಮೆತ್ಸೊ. ದನಿ ಅವಳದೇ ಅಲ್ಲವೆಂಬಂತಿತ್ತು.

"ನೋಡ್ಬೇಕಿತ್ತಾ ಅಂತಾಳೆ!" ಲೆಟ್ಲಾಕೆಂಗಿನ ನೆಂಟಳೊಬ್ಬಳು ತೊಡೆ ತಟ್ಟಿಕೊಂಡಳು. "ನಿಮ್ಮೂರಲ್ಲಿ ಲೆರೊತ್ಸೆ ಡಬ್ಬೀಲಿ ಬರುತ್ತಾ ಮಗಳೇ? ಮುದುಕಿ ಎದುರಿಗೇ ಕೂತಿದ್ಲಲ್ಲ, ಒಂದು ಮಾತು ಕೇಳ್ಬಾರ್ದಾ?" ತಾನೇನು ಅಂದೆ ಎಂದು ಅವಳಿಗೇ ಹೊಳೆದು ನಾಲಿಗೆ ಕಚ್ಚಿಕೊಂಡಳು. ಒಂದಿಬ್ಬರು ಮುಖ ಅತ್ತ ತಿರುಗಿಸಿದರು.

ಹಬ್ಬ ನಿಲ್ಲಲಿಲ್ಲ. ಸೆತುನ್ಯಾ ಬರೀ ಜೋಳದ ಗಂಜಿಯನ್ನು ಗಳಿಗೆಯಲ್ಲಿ ತಿರುವಿದಳು. ಮಾಂಸ ಬೇಕಾದಷ್ಟಿತ್ತು. ಮೊಲೆಫಿ ಹಳೆಯ ಕಥೆ ತೆಗೆದು ಎಲ್ಲರನ್ನೂ ನಗಿಸಿದ. ಮೊದಿರಿ ಹೆಂಡತಿಯನ್ನು ಹುಡುಕಿಕೊಂಡು ಮನೆಯ ಹಿಂದೆ ಹೋದವನು ಒಬ್ಬನೇ ತಿರುಗಿ ಬಂದ.

ಮೊಸಿದಿಗೆ ಒಂದೇ ಚಿಂತೆ. ತಾನು ಸೊಸೆಯಾಗಿ ಈ ಮನೆಗೆ ಬಂದ ಮೊದಲ ಸುಗ್ಗಿಯಲ್ಲಿ ಇದೇ ಗಂಜಿಯನ್ನು ಹೀಗೇ ಕೆಡಿಸಿದ್ದಳು. ತನಗೆ ರುಚಿ ನೋಡಬೇಕೆಂಬುದು ಗೊತ್ತಿತ್ತು, ಗಡಿಬಿಡಿಯಲ್ಲಿ ಮರೆತಿದ್ದಳು. ತನ್ನ ತಪ್ಪು ಇವಳದಕ್ಕಿಂತ ದೊಡ್ಡದು. ಆಗ ತನ್ನ ಅತ್ತೆ ಎದ್ದುನಿಂತು, "ಆ ಕಾಯಿ ಸೀಳಿದ್ದು ನಾನು, ಕಣ್ಣು ಮಂದವಾಯಿತು, ನಾಲಿಗೆಯೂ ಮಂದವಾಯಿತು," ಎಂದು ಮೂವತ್ತು ಜನರ ಮುಂದೆ ಸುಳ್ಳು ಹೇಳಿದ್ದಳು. ಆ ಸುಳ್ಳನ್ನು ಅತ್ತೆ ಸಾಯುವವರೆಗೂ ಬಿಟ್ಟುಕೊಡಲಿಲ್ಲ. ಈಗ ಅದನ್ನು ಹೇಳುವ ಸರದಿ ತನ್ನದು. ಮಾತು ಎದೆಯಲ್ಲಿ ಹಾಗೇ ಇತ್ತು, ಒಂದಕ್ಷರ ತಪ್ಪದೆ. ಹೊರಗೆ ಬರುವ ದಾರಿಯೇ ಇರಲಿಲ್ಲ.

ಸಂಜೆ ನಮೆತ್ಸೊ ಅವಳಿಗೆ ಉಣ್ಣಿಸಲು ಬಂದಳು. ಕಣ್ಣು ಊದಿದ್ದವು. ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ತುತ್ತು ಮಾಡಿ ಒಂದೊಂದಾಗಿ ಬಾಯಿಗಿಟ್ಟಳು.

"ನೀವು ಹೇಳೋಕೆ ನೋಡಿದ್ರಿ, ಅಲ್ವಾ ಮ್ಮಾ?" ಎಂದಳು ಕೊನೆಗೆ. "ನಾಲಿಗೆ ತೋರಿಸಿದ್ರಿ. ಉಗಿದ್ರಿ. ನಾನು ಒರೆಸಿಬಿಟ್ಟೆ."

ಮೊಸಿದಿ ತುತ್ತು ಬಿಟ್ಟು ಎಡಗೈಯನ್ನು ತನ್ನ ಎದೆಗೆ ಒತ್ತಿಕೊಂಡಳು. ನಾನೂ. ನಾನೂ ಹೀಗೇ ಮಾಡಿದ್ದೆ ಮಗಳೇ. "ಪುಲಾ," ಎಂದಳು. ಮತ್ತೆ ಎದೆ ಬಡಿದುಕೊಂಡಳು. "ಪುಲಾ."

"ಗೊತ್ತು ಮ್ಮಾ. ನಿಮಗೆ ತುಂಬಾ ನೋವಾಯ್ತು. ನಿಮ್ಮ ಮನೆ ಮಾನ ಹೋಯ್ತು."

ಅಲ್ಲ, ಅಲ್ಲ. ಮೊಸಿದಿ ತಲೆಯಾಡಿಸಿದಳು. ಬೇರೇನೂ ತೋಚದೆ ನಗಲು ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ. ಬಾಯಿ ಎಡಕ್ಕೆ ಸೊಟ್ಟಗೆ ಎಳೆಯಿತು, ಹಲ್ಲು ಕಾಣಿಸಿತು. ನಮೆತ್ಸೊ ಆ ಮುಖವನ್ನು ಒಂದು ಕ್ಷಣ ನೋಡಿ ಕಣ್ಣು ಕೆಳಗೆ ಹಾಕಿದಳು. ಉಳಿದ ತುತ್ತುಗಳನ್ನು ತಲೆಯೆತ್ತದೆ ಉಣ್ಣಿಸಿದಳು.

ಸೋಮವಾರ ಹತ್ತು ಗಂಟೆಗೆ ಹಬ್ಬಕ್ಕೆ ಬಂದವರೆಲ್ಲ ಹೊರಟರು. ಮೊದಿರಿ ಕಾರಿಗೆ ಚೀಲ ತುಂಬುತ್ತಿದ್ದ. ನಮೆತ್ಸೊ ಬಂದು ಅತ್ತೆಯ ಮುಂದೆ ಮಂಡಿಯೂರಿ ಹೋಗಿಬರುತ್ತೇನೆಂದಳು. "ಮುಂದಿನ ಈಸ್ಟರಿಗೆ ಸೆತುನ್ಯಾ ಚಿಕ್ಕಮ್ಮನೇ ಅಡುಗೆ ಮಾಡ್ಲಿ ಮ್ಮಾ. ನಾನು ಪಾತ್ರೆ ತೊಳೀತೀನಿ."

ಮೊಸಿದಿ ಅವಳ ಮುಂಗೈ ಹಿಡಿದಳು. ಎಡಗೈಯಲ್ಲಿ ಇಷ್ಟು ಬಲವಿದೆಯೆಂದು ಅವಳಿಗೇ ತಿಳಿದಿರಲಿಲ್ಲ. ಬಿಡಲಿಲ್ಲ. ಕಾರು ಎರಡು ಸಲ ಹಾರನ್ ಹೊಡೆಯಿತು. ನಮೆತ್ಸೊ ಕಾದಳು. ಮತ್ತೂ ಕಾದಳು. ಆಮೇಲೆ, ನಿದ್ದೆಗೆ ಜಾರಿದ ಮಗುವಿನ ಹಿಡಿಯಿಂದ ಸೆರಗು ಬಿಡಿಸಿಕೊಳ್ಳುವ ಹಾಗೆ, ನೋವಾಗದಂತೆ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಐದೂ ಬಿಡಿಸಿದ ಮೇಲೆ ಕೈಯನ್ನು ಮುದುಕಿಯ ಮಡಿಲಿನಲ್ಲಿ ಜೋಪಾನವಾಗಿ ಇಟ್ಟು ಕಾರಿನತ್ತ ನಡೆದಳು.

ಕಾರು ಹೋದ ಮೇಲೂ ರಸ್ತೆಯ ಮೇಲೆ ಕೆಂಪು ಧೂಳು ನಿಂತೇ ಇತ್ತು. ಸೆತುನ್ಯಾ ಪೊರಕೆ ಹಿಡಿದು ಬಂದು, "ಧೂಳು ಕುಡೀಬೇಡ ಅಕ್ಕಾ," ಎಂದು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಅಂಗಳ ಗುಡಿಸತೊಡಗಿದಳು.