ತೊಕುಜಿಯ ಪಾಲಿನ ಆಕಾಶ

ಚಿತಾಗಾರದ ಕುಲುಮೆಯ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಗಂಡ ತೊಕುಜಿಯ ಶವಪೆಟ್ಟಿಗೆಗೆ ಕೈಮುಗಿದ ಫುಸಾಯೆ ಇನ್ನೂ ತಲೆ ಎತ್ತಿರಲಿಲ್ಲ, ಅವನ ಗೆಳೆಯ ಒಗಿನೊ ತೋಳು ಹಿಡಿದು ಪಕ್ಕಕ್ಕೆ ಎಳೆದ.

“ಅತ್ತಿಗೆ, ಹೊಸ ಧೂಮಕೇತು! ತೊಕುಜಿ ಪಾಲಿನ ಆಕಾಶದಲ್ಲಿ. ನಿನ್ನೆ ಬೆಳಗಿನ ಜಾವ ಕಂಡೆ, ಇವತ್ತು ಜಾಗ ಬದಲಾಯಿಸಿದೆ. ಅನುಮಾನವೇ ಇಲ್ಲ.”

“ಅವರ ಪಾಲಿಗೆ ನೀವ್ಯಾಕೆ ಕಣ್ಣು ಹಾಕಿದ್ರಿ?”

“ಖಾಲಿ ಬಿದ್ದಿತ್ತಲ್ಲ, ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ.” ಒಗಿನೊ ಕುಲುಮೆಯ ಬಾಗಿಲ ಕಡೆ ನೋಡಿದ. “ಮೊನ್ನೆ ಅವನು ದುರ್ಬೀನಿನ ಪಕ್ಕದಲ್ಲೇ ಜೀವ ಬಿಟ್ಟನಲ್ಲ, ಅವತ್ತೂ ಅದು ಅಲ್ಲೇ ಇದ್ದಿರ್ಬೇಕು. ಕಂಡ ಖುಷಿಗೇ ಎದೆ ನಿಂತಿದೆ. ಮೊದಲು ಕಂಡವನ ಹೆಸರೇ ಅದಕ್ಕೆ. ಟೋಕಿಯೋ ವೀಕ್ಷಣಾಲಯಕ್ಕೆ ಫೋನ್ ಮಾಡಿ ಅವನ ಹೆಸರನ್ನೇ ಹೇಳಿಬಿಡ್ತೀನಿ. ಬೇಗ ಹೂಂ ಅನ್ನಿ, ಬೇರೆ ದೇಶಗಳಲ್ಲಿ ಬೆಳಗಿನ ಜಾವ ಆಗ್ತಾ ಇದೆ, ಇನ್ಯಾರಾದ್ರೂ ನೋಡಿಬಿಟ್ರೆ ಮುಗೀತು!”

ತಾರಸಿಯಲ್ಲಿ ಗಂಡ ಬಿದ್ದದ್ದನ್ನು ಮೊದಲು ಕಂಡವಳು ಫುಸಾಯೆ. ದುರ್ಬೀನಿನ ಮುಚ್ಚಳ ಹಾಕಿದ ಹಾಗೆಯೇ ಇತ್ತು. ನೋಡುವುದಕ್ಕೆ ಮೊದಲೇ ಕುಸಿದಿದ್ದ. ಇದು ಅವಳೊಬ್ಬಳಿಗೇ ಗೊತ್ತು. ಈಗ ಬಾಯಿ ಮುಚ್ಚಿಕೊಂಡರೆ ಸಾಕು, ಜೀವಮಾನವಿಡೀ ಹಂಬಲಿಸಿದ್ದು ಅವನಿಗೆ ಸಿಕ್ಕಿಬಿಡುತ್ತದೆ. ಅವಳು ಹೂಂ ಎಂದಳು.

ಶವ ಸುಟ್ಟು ಮುಗಿಯುವವರೆಗೆ ಕಾಯುವ ಚಹಾದ ಕೋಣೆಯಲ್ಲಿ ನಾದಿನಿ ತೊಮಿಕೊ ಎಲ್ಲರನ್ನೂ ನಗಿಸುತ್ತಿದ್ದಳು. “ತನ್ನ ಕ್ಷೌರದಂಗಡೀಲಿ ಕತ್ತರಿ ಹಿಡಿದೇ ತೂಕಡಿಸ್ತಿದ್ದ ನಮ್ಮಣ್ಣ. ನಮ್ಮೆಜಮಾನ್ರ ಕಿವಿ ಉಳಿದಿದ್ದೇ ಪುಣ್ಯ! ಅಷ್ಟು ನಿದ್ದೆಗೆಟ್ಟು ಏನು ಸಿಕ್ತು ಹೇಳಿ, ಪಾಪ?”

ಇರು, ಇವತ್ತು ಗೊತ್ತಾಗುತ್ತೆ ನಿನಗೆ, ಎಂದುಕೊಂಡಳು ಫುಸಾಯೆ. ಆದರೂ ಚಹಾದ ಬಟ್ಟಲನ್ನು ಕುಡಿಯದೆ ಪಕ್ಕಕ್ಕೆ ಸರಿಸಿದಳು.

*

ಮದುವೆಯ ಹೊಸದರಲ್ಲಿ ತೊಕುಜಿ ಧೂಮಕೇತು ಕಂಡೆನೆಂದು ವೀಕ್ಷಣಾಲಯಕ್ಕೆ ತಂತಿ ಕಳಿಸಿಬಿಟ್ಟಿದ್ದ. ಪಕ್ಕದ ನಕ್ಷತ್ರದ ಬೆಳಕು ಮಸೂರದೊಳಗೆ ಮೂಡಿಸಿದ ಮಬ್ಬು ಅದು. ಮರುದಿನ ತಾನೇ ಇನ್ನೊಂದು ತಂತಿ ಕೊಟ್ಟು ತಪ್ಪಾಯಿತೆಂದ. “ಏನಪ್ಪಾ, ಇವತ್ತು ಬಾಲ ಕಾಣಿಸ್ತಾ?” ಎಂದು ಗಿರಾಕಿಗಳು ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಚುಡಾಯಿಸುತ್ತಿದ್ದರು.

ಆಮೇಲೆ ಗೆಳೆಯರಿಬ್ಬರೂ ಧೂಮಕೇತು ಹುಡುಕಲು ಆಕಾಶವನ್ನು ಪಾಲು ಮಾಡಿಕೊಂಡರು. ಒಗಿನೊ ತನ್ನ ಪಾಲಿನಲ್ಲಿ ಧೂಮಕೇತು ಹಿಡಿದ ದಿನ ತೊಕುಜಿಯೇ ದೊಡ್ಡ ಮೀನು ತಂದು ಹಬ್ಬ ಮಾಡಿದ.

“ಒಳ್ಳೇ ಭಾಗ ಅವರಿಗೆ ಬಿಟ್ಕೊಟ್ರಿ, ಈಗ ಅನುಭವಿಸಿ,” ಎಂದು ಫುಸಾಯೆ ರೇಗಿದಳು.

“ಹೋಗ್ಲಿ ಬಿಡೇ. ಕಂಡಿದ್ದನ್ನ ಕಂಡೆ ಅನ್ಬೇಕು, ಕಾಣದ್ದನ್ನ ಕಾಣ್ಲಿಲ್ಲ ಅನ್ಬೇಕು. ಅಷ್ಟಾದ್ರೆ ನಂಗೆ ಸಾಕು,” ಎಂದು ಅವನು ಮೀನಿನ ಮುಳ್ಳು ಬಿಡಿಸುತ್ತಾ ಕುಳಿತ.

*

ಒಗಿನೊ ಆಗಲೇ ಚಿತಾಗಾರದ ಕಚೇರಿಯ ಫೋನಿನಲ್ಲಿ ಕೂಗುತ್ತಿದ್ದ. “ಹೆಸರು ಬರ್ಕೊಳ್ಳಿ. ತೊಕು...”

ಫುಸಾಯೆ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು. “ಮುಚ್ಚಳ ತೆಗೆದಿರ್ಲಿಲ್ಲ.”

“ಏನು?”

“ದುರ್ಬೀನಿನ ಮುಚ್ಚಳ. ಅವರು ನೋಡ್ಲಿಲ್ಲ ಕಣ್ರೀ. ಹೇಳೋಕೆ ನನ್ನ ಹೊಟ್ಟೆ ಉರಿಯುತ್ತೆ, ಆದ್ರೂ ನೋಡ್ಲಿಲ್ಲ!”

ಆ ಕಡೆಯವರು ಹಲೋ, ಹಲೋ ಎನ್ನುತ್ತಿದ್ದರು. ಅವಳೇ ರಿಸೀವರ್ ಕಸಿದುಕೊಂಡಳು.

“ಒಗಿನೊ ಅಂತ ಬರ್ಕೊಳ್ಳಿ. ನಿನ್ನೆ ಬೆಳಗಿನ ಜಾವ ಕಂಡಿದ್ದು.”

ಹೇಳಿ ಮುಗಿಸಿ, ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅಷ್ಟರಲ್ಲಿ ಸುಟ್ಟು ಉಳಿದ ಮೂಳೆ ಆರಿಸಲು ಕರೆ ಬಂತು. ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಉದ್ದನೆಯ ಜೋಡು ಕಡ್ಡಿಗಳಲ್ಲಿ ಹಿಡಿದು ಎತ್ತಬೇಕು, ಮೊದಲ ಜೋಡಿ ತೀರಾ ಹತ್ತಿರದವರದು. ತೊಮಿಕೊ ಮುಂದೆ ಬಂದಳು. ಫುಸಾಯೆ ಅವಳ ಕೈಯಿಂದ ಕಡ್ಡಿಗಳನ್ನು ಇಸಿದುಕೊಂಡು, ಬಾಗಿಲ ಬಳಿ ಮುದುಡಿ ನಿಂತಿದ್ದ ಒಗಿನೊನ ಕೈಗಿಟ್ಟಳು. ಇಬ್ಬರ ಕಡ್ಡಿಗಳ ನಡುವೆ ತೊಕುಜಿಯ ಪಾದದ ಬಿಳಿ ಚೂರು, ಬೀಳದೆ, ಮೆಲ್ಲಗೆ ಅಸ್ಥಿಯ ಮಡಕೆಯ ಕಡೆಗೆ ಸಾಗಿತು.