ಮೂರನೆಯ ಗುಂಡಿ

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಳ್ಳುತ್ತಾರಲ್ಲ, ನಮಗೆ ಆ ಇಲಿಯೂ ಸಿಕ್ಕಿರಲಿಲ್ಲ. ಎರಡು ಗುಂಡಿ ತೋಡಿದ್ದಾಯಿತು. ಒಂದೊಂದೂ ನನ್ನ ಎದೆಯ ಆಳ, ಎರಡರಲ್ಲೂ ಒಣ ಮಣ್ಣು. ಅಗೆದವನು ನಾನು, ಜಾಗ ತೋರಿಸಿದವರು ನನ್ನ ಭಾವ.

ನೀರು ಸರಬರಾಜು ಕಚೇರಿಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷದಿಂದ ಜೋಡೆತ್ತುಗಳು. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ಅಕ್ಕನ ಗಂಡನ ಕೆಲಸ, ಅಲ್ಲಿ ಅಗೆಯುವುದು ನನ್ನ ಕೆಲಸ. ಭಾವನ ಹತ್ತಿರ ಎದೆಯೆತ್ತರದ ಒಂದು ಕಬ್ಬಿಣದ ಕೋಲಿದೆ. ಅದರ ಒಂದು ತುದಿಯನ್ನು ವಾಲ್ವಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಗ್ಗಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಕೋಲನ್ನು ಕಿವಿಗಿಟ್ಟು ಕೇಳುವವರೇ ಹೆಚ್ಚು. ಆದರೆ ಭಾವನಿಗೆ ಕೆಲಸ ಕಲಿಸಿದ ಹಿರಿಯರ ಲೆಕ್ಕ ಬೇರೆ. ಕಿವಿ ಬೀದಿಯ ಸದ್ದನ್ನೆಲ್ಲ ಕೇಳುತ್ತದೆ, ಹಲ್ಲು ಪೈಪಿನ ಸದ್ದನ್ನಷ್ಟೇ ಕೇಳುತ್ತದೆ ಎಂದು ಅವರು ಹೇಳಿಕೊಟ್ಟಿದ್ದರಂತೆ. ನಿಜವೇ ಇರಬೇಕು. ಬಸ್ಸು ಲಾರಿ ಓಡಾಡುವ ನಡುಹಗಲಲ್ಲೂ ಭಾವ ಎರಡು ಮೂರು ಕಡೆ ಕೋಲು ಕಚ್ಚಿ ನೋಡಿ, ಚಪ್ಪಲಿಯಲ್ಲಿ ನೆಲಕ್ಕೊಂದು ಗೀಟೆಳೆದರೆ ಅಲ್ಲಿ ಸೋರಿಕೆ ಇದ್ದೇ ಇರುತ್ತಿತ್ತು. ಊರಿಗೆಲ್ಲ ಅವರು ‘ಕಿವಿಯಪ್ಪ’. ಕಚೇರಿಯಲ್ಲಿ ಯಂತ್ರವೂ ಒಂದಿದೆ, ಇಲ್ಲವೆನ್ನುವುದಿಲ್ಲ. ಅದು ಪ್ರತಿ ಬಸ್ಸಿನ ಸದ್ದಿಗೂ ಬೆಚ್ಚಿ ಕೆಂಪು ದೀಪ ಹಾಕಿಕೊಂಡು ಕೂರುತ್ತದೆ.

ಅಂಥ ಭಾವ ಸತತ ಎರಡು ಸಲ ತಪ್ಪಿದ್ದರು. ತಪ್ಪಿದ್ದು ಬೇರೆಯವರ ಬೀದಿಯಲ್ಲಾಗಿದ್ದರೆ ನಾನು ಇಷ್ಟು ಉರಿದುಬೀಳುತ್ತಿರಲಿಲ್ಲವೇನೋ. ಸೋರುತ್ತಿದ್ದದ್ದು ನನ್ನದೇ ಮೇಲ್‌ಬೀದಿಗೆ ಹೋಗುವ ಪೈಪು.

ಮೇಲ್‌ಬೀದಿಗೆ ಹತ್ತಲು ನೂರಹನ್ನೆರಡು ಮೆಟ್ಟಿಲು. ಅಲ್ಲಿರುವ ನಲವತ್ತು ಮನೆಗಳಿಗೆ ಒಂಬತ್ತು ದಿನದಿಂದ ತೊಟ್ಟು ನೀರಿಲ್ಲ. ಟ್ಯಾಂಕಿನಿಂದ ನೀರೇನೋ ಹೊರಡುತ್ತಿತ್ತು, ದಾರಿಯಲ್ಲಿ ಎಲ್ಲೋ ನೆಲವೇ ಅದನ್ನು ಕುಡಿದುಬಿಡುತ್ತಿತ್ತು. ಟ್ಯಾಂಕರ್ ಬಂದರೂ ಮೆಟ್ಟಿಲ ಬುಡದಲ್ಲೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ನನ್ನವಳು ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ನೋಯುವ ಮಂಡಿಯನ್ನು ಶಪಿಸುತ್ತ, ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದಳು. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಟ್ಯಾಂಕರ್ ಖಾಲಿ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದದ್ದು ನೆಲಕ್ಕೆ, ನೆಲ ಒರೆಸಿದ್ದು ಕಕ್ಕಸಿಗೆ. ಯಾರಾದರೂ ಒಂದು ಚೊಂಬು ಚೆಲ್ಲಿದರೆ ನಾನು ಮನೆಯ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಪಕ್ಕದ ಎರಡು ಮನೆಯವರು ಬೀಗ ಜಡಿದು ನೆಂಟರ ಮನೆ ಸೇರಿಯಾಗಿತ್ತು.

ಆ ದಿನ ಬೆಳಿಗ್ಗೆ ಇಂಜಿನಿಯರ್ ಮೇಡಂ ಬಂದವರೇ ಮೊದಲ ಗುಂಡಿಯ ಅಂಚಿನಲ್ಲಿ ನಿಂತು, ಬೇಜಾರಿನಿಂದಲೇ ಹೇಳಿದರು.

“ಇವತ್ತು ಸಂಜೆ ಐದರ ತನಕ ನೋಡ್ತೀನಿ. ಸಿಗಲಿಲ್ಲ ಅಂದ್ರೆ ಮೇಲ್‌ಬೀದಿ ಲೈನು ಬಂದ್ ಮಾಡಲೇಬೇಕು. ಇಲ್ಲಿ ಹೀಗೆ ಸೋರ್ತಾ ಇದ್ರೆ ಕೆಳಗಿನ ಆಸ್ಪತ್ರೆಗೂ ನೀರು ಸಾಲಲ್ಲ. ಹೊಸ ಪೈಪು ಬರೋವರೆಗೂ ನಿಮಗೆ ಟ್ಯಾಂಕರೇ ಗತಿ.”

“ಹೊಸ ಪೈಪು ಯಾವಾಗ ಬರುತ್ತೆ, ಮೇಡಂ?”

“ಫೈಲ್ ಕಳಿಸಿದೀನಿ.”

ಫೈಲಿನಲ್ಲಿ ನೀರು ಹರಿದದ್ದನ್ನು ನಾನಂತೂ ಈವರೆಗೆ ಕಂಡಿಲ್ಲ.

ಎರಡನೆಯ ಗುಂಡಿಯನ್ನು ಕ್ಷೌರದಂಗಡಿಯ ಎದುರು ತೋಡಿದೆ. ಮಧ್ಯಾಹ್ನದ ಹೊತ್ತಿಗೆ ಪೈಪು ಸಿಕ್ಕಿತು. ಮುಟ್ಟಿ ನೋಡಿದರೆ ಗಟ್ಟಿಮುಟ್ಟಾಗಿತ್ತು, ಬೆವರೂ ಇರಲಿಲ್ಲ. ಬೆವರೆಲ್ಲ ನನ್ನ ಮೈಮೇಲಿತ್ತು. ನಾನು ಮೊದಲೇ ಬಾಯಿ ಸರಿಯಿಲ್ಲದವನು. ಗುಂಡಿಯೊಳಗೇ ಗೊಣಗಿಕೊಂಡೆ: “ಮುದುಕನಿಗೆ ಅರಳುಮರಳು.”

ಹತ್ತು ಮಾರು ದೂರದಲ್ಲಿ ಕಟ್ಟೆಯ ಮೇಲೆ ಕೂತಿದ್ದ ಭಾವ ಅಲ್ಲಿಂದಲೇ ಅಂದರು: “ಅರಳುಮರಳಿಗೆ ಅರವತ್ತಾಗಬೇಕು ಕಣೋ. ನನಗಿನ್ನೂ ಎರಡು ವರ್ಷ ಇದೆ.”

ನಾನು ನಾಲಗೆ ಕಚ್ಚಿಕೊಂಡು ಮೇಲೆ ಹತ್ತಿದೆ. ಜಗಳಕ್ಕೆ ಸಿದ್ಧನಾಗಿಯೇ ಹೋದೆ. ಆದರೆ ಭಾವ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

“ನನಗೆ ಕೇಳಿಸ್ತಾ ಇಲ್ಲ ಕಣೋ.”

“ಏನು ಕೇಳಿಸ್ತಾ ಇಲ್ಲ?”

“ಪೈಪು. ಎರಡು ತಿಂಗಳಾಯ್ತು. ಕೋಲು ಕಚ್ಚಿದ್ರೆ ಹತ್ತಿ ತುರುಕಿದ ಹಾಗಿರುತ್ತೆ. ಈ ಎರಡು ಗುಂಡಿನೂ ನಾನು ಅಂದಾಜಿನ ಮೇಲೆ ತೋರಿಸಿದ್ದು.”

ಎರಡು ತಿಂಗಳಲ್ಲಿ ನಾವು ಮೂರು ನಾಲ್ಕು ಸೋರಿಕೆ ಸರಿಮಾಡಿದ್ದೆವು. ಯೋಚಿಸಿದರೆ, ಅವೆಲ್ಲ ನೀರು ರಸ್ತೆಗೇ ಉಕ್ಕಿ ಬಂದಂಥವು; ಕಣ್ಣಿದ್ದರೆ ಸಾಕಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಅದರ ಜಾಗಕ್ಕೆ ಭಯ ಬಂತು. ಈ ಮನುಷ್ಯನಿಗೆ ಕೇಳಿಸದಿದ್ದರೆ ಸಂಜೆ ಐದಕ್ಕೆ ನಮ್ಮ ಬೀದಿಯ ಕಥೆ ಮುಗಿಯಿತು. ಇಪ್ಪತ್ತಾರು ವರ್ಷ ಇವರ ಹಲ್ಲು ನಂಬಿ ಗುದ್ದಲಿ ಎತ್ತಿದವನು ನಾನು.

ಅಷ್ಟರಲ್ಲಿ ನನ್ನವಳು ಟ್ಯಾಂಕರಿನಿಂದ ಕೊಡ ತುಂಬಿಸಿಕೊಂಡು ಬಂದು, ಕಟ್ಟೆಯ ಮೇಲೆ ಇಳಿಸಿ, ನಮ್ಮ ಊಟದ ಡಬ್ಬಿ ಬಿಚ್ಚಿದಳು. ಭಾವ ಆಚೆ ತಿರುಗಿ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ತೆಗೆದರು. ಮುಂದಿನ ಹಲ್ಲುಗಳೆಲ್ಲ ಉದುರಿ ವರ್ಷವಾಗಿತ್ತು. ಬೊಚ್ಚುಬಾಯಿ ತೋರಿಸಿಕೊಂಡು ಊರು ಸುತ್ತಬಾರದೆಂದು ಅಕ್ಕನೇ ಹಟ ಹಿಡಿದು ಈ ಸೆಟ್ಟು ಕಟ್ಟಿಸಿದ್ದಳು. ಹಾಕಿಕೊಂಡು ಅಗಿದರೆ ಒಸಡು ನೋಯುತ್ತದೆಂದು ಭಾವ ಊಟಕ್ಕೆ ಮಾತ್ರ ತೆಗೆದಿಡುತ್ತಿದ್ದರು. ಅವರು ಕೇಳುವ ಮೊದಲೇ ನನ್ನವಳು ಕೊಡ ಬಗ್ಗಿಸಿ ಅರ್ಧ ಲೋಟ ನೀರು ಹಾಕಿ, ಸೆಟ್ಟು ಇಡಲು ಅವರ ಮುಂದಿಟ್ಟಳು.

ಭಯಕ್ಕೊಂದು ದಾರಿ ಬೇಕಿತ್ತು, ಅದು ನನ್ನ ಬಾಯಿಯಿಂದ ಬಂತು.

“ಅರ್ಧ ಲೋಟ! ನಾನು ಸ್ನಾನ ಮಾಡಿ ಒಂಬತ್ತು ದಿನ ಆಯ್ತು, ಇವರ ಹಲ್ಲಿಗೆ ಇಲ್ಲಿ ಸ್ನಾನ ಆಗ್ತಿದೆ!”

“ಸ್ವಲ್ಪ ಸುಮ್ಮನಿರ್ತೀರಾ? ಹೊತ್ತವಳು ನಾನು, ಕೊಟ್ಟವಳೂ ನಾನು,” ಎಂದಳು ನನ್ನವಳು. ಆಮೇಲೆ ಭಾವನ ಮುಖ ನೋಡಿ, “ಏನಾಯ್ತು ಅಣ್ಣ, ಯಾಕೆ ಸಪ್ಪಗಿದೀರಾ?” ಎಂದು ಕೇಳಿದಳು.

ನಡುವೆ ನಾನೇ ಬಾಯಿ ಹಾಕಿದೆ. “ಇವರಿಗೆ ಕಿವಿ ಹೋಗಿದೆಯಂತೆ. ಎರಡು ತಿಂಗಳಾಯ್ತಂತೆ.”

“ಕಿವಿ ಹೋಗಿದೆಯಾ? ಈಗ ನೀವು ಗುಂಡಿಯೊಳಗೆ ಗೊಣಗಿದ್ದು ಮೆಟ್ಟಿಲ ಹತ್ರ ಇದ್ದ ನನಗೇ ಕೇಳಿಸಲಿಲ್ಲ, ಅಣ್ಣ ಕೇಳಿಸ್ಕೊಂಡು ಕೊಟ್ಟ ಉತ್ತರ ಮಾತ್ರ ಕೇಳಿಸ್ತಲ್ಲ!” ಅವಳು ಲೋಟದೊಳಗೆ ಮುಳುಗಿ ನಗುತ್ತಿದ್ದ ಹಲ್ಲಿನ ಸೆಟ್ಟನ್ನು ನೋಡಿದಳು. “ಅಣ್ಣ, ಇದನ್ನ ಹಾಕಿಸಿಕೊಂಡು ಎಷ್ಟು ದಿನ ಆಯ್ತು?”

ಭಾವ ಬಾಯಿಯ ಹತ್ತಿರ ಹಿಡಿದಿದ್ದ ತುತ್ತನ್ನು ಮತ್ತೆ ಡಬ್ಬಿಗಿಳಿಸಿದರು.

“ಎರಡು ತಿಂಗಳು,” ಎಂದರು ಮೆಲ್ಲಗೆ.

ನಾವು ಮೂವರೂ ಆ ಲೋಟವನ್ನೇ ನೋಡಿದೆವು. ಮುಂದಿನ ಹಲ್ಲು ಉದುರಿದ ಮೇಲೆ ಭಾವ ಬಲಗಡೆ ಉಳಿದ ಎರಡು ದವಡೆ ಹಲ್ಲಿನಲ್ಲಿ ಕೋಲು ಕಚ್ಚುತ್ತಿದ್ದದ್ದು ನನಗೆ ನೆನಪಾಯಿತು. ಸೆಟ್ಟು ಬಂದ ಮೇಲೆ, ಊರವರ ಮುಂದೆ ಬಾಯಿ ಸೊಟ್ಟ ಮಾಡುವುದು ಯಾಕೆಂದು, ಹೊಸ ಹಲ್ಲಿನಲ್ಲೇ ನೆಟ್ಟಗೆ ಕಚ್ಚತೊಡಗಿದ್ದರು. ಆ ಹಲ್ಲು ಕೂತಿರುವುದು ಮೆತ್ತನೆಯ ಒಸಡಿನ ಮೇಲೆ. ಸದ್ದು ಒಯ್ಯುವ ಮೂಳೆಗೂ ಅದಕ್ಕೂ ಏನು ಸಂಬಂಧ? ಪೈಪು ಕೂಗುತ್ತಲೇ ಇತ್ತು, ನಡುವೆ ಈ ಸೆಟ್ಟು ಬಾಗಿಲು ಹಾಕಿಕೊಂಡು ಕೂತಿತ್ತು.

“ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗಾಯ್ತು ನೋಡಿ,” ಎಂದು ನನ್ನವಳು ನಕ್ಕಳು.

ಭಾವ ಊಟ ಬಿಟ್ಟು ಎದ್ದರು. ಹತ್ತಿರದ ವಾಲ್ವಿಗೆ ಕೋಲು ಊರಿ, ಬಾಯಿ ಬಲಕ್ಕೆ ವಾಲಿಸಿ, ದವಡೆಯಲ್ಲಿ ಗಟ್ಟಿಯಾಗಿ ಕಚ್ಚಿದರು. ಕಣ್ಣು ಮುಚ್ಚಿದರು. ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರ ಮುಚ್ಚಿದ ಕಣ್ಣಂಚಿನಲ್ಲಿ ನೀರು ಕಾಣಿಸಿತು.

“ಇದೆ ಕಣೋ,” ಎಂದರು ಕೋಲು ಬಿಟ್ಟು. “ಅಯ್ಯೋ, ಇಷ್ಟು ಜೋರಾಗಿ ಕಿರುಚ್ತಾ ಇದೆ!”

ಅಲ್ಲಿಂದ ಭಾವ ಮುಂದೆ, ನಾನು ಗುದ್ದಲಿ ಹಿಡಿದು ಹಿಂದೆ. ಮುಂದಿನ ವಾಲ್ವಿನಲ್ಲಿ ಸದ್ದು ಸಣ್ಣದಾಯಿತು, ಹಿಂದಕ್ಕೆ ಬಂದೆವು. ಮನೆಗಳಿಗೆ ಹೋಗುವ ನಲ್ಲಿ ಪೈಪುಗಳ ಮೇಲೆಲ್ಲ ಒಂದೊಂದಾಗಿ ಕೋಲು ಊರಿ ಕಚ್ಚಿ ನೋಡಿದರು. ಕೊನೆಗೆ ದರ್ಜಿಯ ಅಂಗಡಿಯ ಎದುರು, ಯಾರೂ ಅನುಮಾನಪಡದಷ್ಟು ಒಣಗಿದ ನೆಲದ ಮೇಲೆ, ಚಪ್ಪಲಿಯಲ್ಲಿ ಗೀಟೆಳೆದರು.

“ಇಲ್ಲಿ ಧೂಳು ಏಳ್ತಾ ಇದೆ ಭಾವ,” ಎಂದೆ.

“ಅಗಿ.”

ಮೂರನೆಯ ಗುಂಡಿ ತೋಡುವಾಗ ನನ್ನ ತೋಳುಗಳಲ್ಲಿ ಏನೂ ಉಳಿದಿರಲಿಲ್ಲ. ಮೊಣಕಾಲುದ್ದ ಹೋದರೂ ಒಣ ಮಣ್ಣೇ. ಸೊಂಟದುದ್ದ ಹೋದಾಗ ಮಣ್ಣಿನ ಬಣ್ಣ ಕಪ್ಪಾಯಿತು. ನಾಲ್ಕೂವರೆಯಾಗಿತ್ತು, ಇಂಜಿನಿಯರ್ ಮೇಡಂ ಗಡಿಯಾರ ನೋಡುತ್ತ ಬಂದು ಅಂಚಿನಲ್ಲಿ ನಿಂತರು. ಇನ್ನೆರಡು ಏಟು ಹಾಕಿದೆ. ಕೋಲು ಇಲ್ಲದ ನನಗೂ ಬುಸ್ಸೆಂಬ ಸದ್ದು ಕೇಳಿಸಿತು. ಮೂರನೆಯ ಏಟಿಗೆ ನೀರು ಚಿಮ್ಮಿ ನನ್ನ ಮುಖಕ್ಕೇ ಹೊಡೆಯಿತು. ಒಂಬತ್ತು ದಿನಗಳ ಮೇಲೆ ನನಗೂ ಸ್ನಾನವಾಯಿತು.

ಒಡೆದ ಪೈಪಿನ ನೀರೆಲ್ಲ ಪಕ್ಕದ ಹಳೆಯ ಮೋರಿಯೊಳಗೆ ಇಳಿದುಹೋಗುತ್ತಿತ್ತು, ಅದಕ್ಕೇ ಮೇಲೆ ಧೂಳು. ಮೇಡಂ ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ಧೊಪ್ಪನೆ ಕುಳಿತು ನಗತೊಡಗಿದರು. ನೀರು ನಿಲ್ಲಿಸಿ, ಪೈಪಿಗೆ ಕ್ಲ್ಯಾಂಪ್ ಬಿಗಿದು, ಮತ್ತೆ ವಾಲ್ವ್ ತೆಗೆಯುವಷ್ಟರಲ್ಲಿ ಆರಾಯಿತು. ಐದರ ಮಾತನ್ನು ಯಾರೂ ಎತ್ತಲಿಲ್ಲ.

ನಾನೂ ಭಾವನೂ ಮೆಟ್ಟಿಲು ಹತ್ತಿದೆವು. ಭಾವ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದರು. ಮನೆಯಲ್ಲಿ ನನ್ನವಳು ನಲ್ಲಿಯ ಮುಂದೆ ಕೈಕಟ್ಟಿ ನಿಂತಿದ್ದಳು. ನಲ್ಲಿ ಮೊದಲು ಕೆಮ್ಮಿತು. ಆಮೇಲೆ ಕೆಂಪು ನೀರು ಉಗುಳಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ತಿಳಿನೀರು ಬಂತು. ಬೀದಿಯ ಉದ್ದಕ್ಕೂ ಬಕೆಟ್ಟುಗಳ ಸದ್ದು ಎದ್ದಿತು, ಯಾರೋ ಕೂಗಿದರು, ಯಾರೋ ಬಾಗಿಲು ಬಡಿದು ಪಕ್ಕದವರನ್ನು ಕರೆದರು. ಮಂಡಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟ ನನ್ನವಳನ್ನು ನೋಡಿ ನನಗೆ ಅಳು ಬಂತು, ಅತ್ತುಬಿಟ್ಟೆ. ಮುಖ ಹೇಗೂ ಒದ್ದೆಯಾಗಿತ್ತು.

ಅವಳು ಕಣ್ಣೊರೆಸಿಕೊಂಡು ಎದ್ದು, ಕೊಡಗಳನ್ನು ಪಕ್ಕಕ್ಕೆ ತಳ್ಳಿ, ಮೊದಲು ಒಂದು ಲೋಟವನ್ನು ನಲ್ಲಿಯ ಕೆಳಗೆ ಹಿಡಿದಳು.

“ಕೊಡಿ ಅಣ್ಣ, ಹಲ್ಲು.”

ಭಾವ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು. “ಅರ್ಧ ಲೋಟ ಸಾಕಮ್ಮ. ಮನೆ ಯಜಮಾನರು ಬೈತಾರೆ.”

“ತುಂಬಿಸೇ,” ಎಂದೆ ನಾನು.

ಲೋಟ ತುಂಬಿತು, ತುಳುಕಿತು, ಅವಳ ಕೈಮೇಲೆ ಹರಿದು ನೆಲಕ್ಕೆಲ್ಲ ಚೆಲ್ಲಿತು. ನಾನು ಯಾರನ್ನೂ ಬೈಯಲಿಲ್ಲ.