ಬಿಸಿಲಿಗೆ ಹಾಕಿದ ಬೀಜ

ಮನೆಯ ಮುಂದೆ ಕೊಳ ಕಟ್ಟಿಸಿ ಅದಕ್ಕೆ ಹೂಗಿಡ ಕೊಂಡ ನೀವು, ಅದನ್ನು ಯಾವ ನೆಲದಿಂದ ಕಿತ್ತರೆಂದು ಒಮ್ಮೆಯಾದರೂ ಕೇಳಿದಿರಾ?

ಊರಾಚೆಯ ಜೌಗಿನಲ್ಲಿ ಒಂದು ಬಗೆಯ ನೀಲಿ ಹೂವಿನ ಗಿಡ ಉಳಿದಿತ್ತು. ಸುತ್ತ ಮತ್ತೆಲ್ಲೂ ಇರಲಿಲ್ಲ. ನೀರುಗಿಡದ ಅಕ್ಕ ಎಂದೇ ಎಲ್ಲರೂ ಕರೆಯುವ ನರ್ಸರಿಯವಳು ಅಲ್ಲಿಂದ ಬಲಿತ ಬೀಜವನ್ನಷ್ಟೇ ಆರಿಸಿ ತಂದಳು. ಬೇರನ್ನು ಮುಟ್ಟಲಿಲ್ಲ. ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಡಬ್ಬಿಯಲ್ಲಿಟ್ಟಳು.

ತರಕಾರಿ ಬೀಜದ ಅಂಗಡಿಯಲ್ಲಿ ಪಳಗಿದ್ದ ಅವಳ ತಮ್ಮ ನಕ್ಕ. "ಬೀಜಕ್ಕೂ ಸ್ನಾನ ಮಾಡಿಸ್ತಿದೀಯಲ್ಲಕ್ಕ, ನೆಗಡಿ ಆದ್ರೆ?"

"ನೀನು ನಿನ್ನ ಬದನೆ ಬೀಜ ನೋಡ್ಕೋ ಹೋಗು."

ಕಾರಣ ಹೇಳುವ ಗೋಜಿಗೆ ಅವಳು ಹೋಗಲಿಲ್ಲ. ಮಗಳ ಹೆರಿಗೆಗೆಂದು ಊರು ಬಿಟ್ಟು, ಮರಳಿ ಬಂದು ಬಿತ್ತಿದಳು. ವಾರಗಳು ಕಳೆದರೂ ಬಿತ್ತಿದ ತಟ್ಟೆಗಳಲ್ಲಿ ಕೆಸರಲ್ಲದೆ ಬೇರೇನೂ ಕಾಣಲಿಲ್ಲ. ವಿಚಾರಿಸಿದಾಗ ತಮ್ಮ ಹೆಮ್ಮೆಯಿಂದಲೇ ಹೇಳಿದ: "ಮುಗ್ಗಲು ವಾಸನೆ ಬಂದಿತ್ತಕ್ಕ. ಸೋಸಿ, ಗರಿಗರಿ ಆಗೋ ಹಾಗೆ ಬಿಸಿಲಿಗೆ ಹಾಕಿ, ವಾಪಸ್ ನಿನ್ನ ಒದ್ದೆ ಮರಳಲ್ಲೇ ತುಂಬಿಟ್ಟೆ."

ಆ ಬೀಜ ಒಮ್ಮೆ ಒಣಗಿದರೆ ಸತ್ತಂತೆಯೇ.

ಇಲ್ಲಿಯವರೆಗೆ ನಡೆದದ್ದು ತಪ್ಪು, ಮುಂದಿನದು ಅನ್ಯಾಯ. ಗಿಡಕ್ಕೆ ಮೊದಲೇ ಹೇಳಿಟ್ಟಿದ್ದ ಗಿರಾಕಿಗಳು ಬಾಗಿಲಿಗೆ ಬಂದರು.

"ಕೊಳ ಬೋಳುಬೋಳಾಗಿ ಕಾಣ್ತಿದೆ ಕಣಮ್ಮ. ಎಲ್ಲಿಂದಾದ್ರೂ ತರಿಸಿ ಕೊಡಿ."

ಆ ಮಾತು ತಮ್ಮನ ಕಿವಿಗೆ ಬಿತ್ತು. ತನ್ನಿಂದ ಹೋದ ಅಕ್ಕನ ಮಾನವನ್ನು ತಾನೇ ಉಳಿಸಬೇಕೆಂದು, ಅವಳಿಗೆ ತಿಳಿಸದೆ, ಸಲಿಕೆ ಮತ್ತು ಗೋಣಿಚೀಲ ಹಿಡಿದು ಜೌಗಿಗಿಳಿದ. ಮನೆಮನೆಗೆ ಗಿಡ ಮುಟ್ಟಿಸಿದ. ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ.

ವಿಷಯ ತಿಳಿದು ಅಕ್ಕ ಜೌಗಿಗೆ ಹೋಗಿ ನೋಡಿದಾಗ ಅಲ್ಲಿದ್ದದ್ದು ಗುಂಡಿಗಳು, ಅವುಗಳಲ್ಲಿ ನಿಂತ ರಾಡಿ ನೀರು.

"ಒಂದಾದ್ರೂ ಬಿಟ್ಯೇನೋ?"

"ಎಲ್ರಿಗೂ ಸಾಲ್ಬೇಕಿತ್ತಲ್ಲಕ್ಕ. ನೀನು ಬೈಸ್ಕೋಬಾರ್ದು ಅಂತ..."

ಅವಳು ಬೈಯಲಿಲ್ಲ. ಗಿರಾಕಿಗಳ ಮನೆಗಳಿಗೆ ಹೋಗಿ, ಮತ್ತೆ ಜೌಗಿನಲ್ಲಿ ನೆಡಲು ಗಿಡವನ್ನು ಹಿಂದಕ್ಕೆ ಬೇಡಿದಳು. ಒಬ್ಬರು, ಹೂ ಎದ್ದು ಕಾಣಲೆಂದು ಕೊಳದ ನಟ್ಟನಡುವೆ ನೆಟ್ಟಿದ್ದರು. ಬೆರಳುದ್ದ ನೀರು ಸಾಕಾಗುವ ಗಿಡ ಸೊಂಟದಾಳದ ನೀರಿನಲ್ಲಿ ಕೊಳೆತು ನಾರುತ್ತಿತ್ತು. ಇನ್ನೊಬ್ಬರು, "ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚಿಕೆ ಆಗಲ್ವೇನಮ್ಮ?" ಎಂದರು. ಉಳಿದವರು ಗೇಟನ್ನೇ ತೆರೆಯಲಿಲ್ಲ.

ಆ ಗೇಟಿನ ಹಿಂದಿದ್ದವರು ನೀವಾಗಿರಬಹುದು. ನಿಮ್ಮಲ್ಲಿ ಆ ಹೂ ಇನ್ನೂ ಬದುಕಿದ್ದರೆ, ಇಂದೇ ಅದನ್ನು ಅಂಚಿನ ಕೆಸರಿಗೆ ಸರಿಸಿ. ಬೀಜ ಬಲಿತಾಗ ಅಕ್ಕನಿಗೆ ಹೇಳಿಕಳಿಸಿ, ಗೇಟು ತೆರೆಯಿರಿ.